ಎರಡು ಸಿಲಿಂಡರು ಮಲಗಿದ ಕಾರು

ರತ್ನಾಕರ ಕೈ ತೊಳೆದು ಹೋದ ಮೇಲೆ ಅಡುಗೆಮನೆಯ ಸಿಮೆಂಟು ಕಟ್ಟೆಯನ್ನು ವಿನೋದಾ ಬೂದಿ ಹಾಕಿ ಉಜ್ಜಿದಳು. ಆಮೇಲೆ ಸಾಬೂನು ಹಾಕಿ ಉಜ್ಜಿದಳು. ಕರಿ ಹೋಗಲಿಲ್ಲ. ಹಿತ್ತಲಿನ ನಲ್ಲಿಯ ಹತ್ತಿರ ಸೀಮೆಎಣ್ಣೆಯ ಬಾಟಲಿ, ಹಳೆ ಬಟ್ಟೆ, ಸಾಬೂನಿನ ತುಂಡು ಎಲ್ಲವನ್ನೂ ಅವಳೇ ಇಟ್ಟು ಬಂದಿದ್ದಳು. ಆದರೂ ಆ ಮನುಷ್ಯ ಎಂಜಿನ್ನಿನ ಎಣ್ಣೆ ಮೆತ್ತಿದ ಕೈಗಳನ್ನು ಹಾಗೆಯೇ ಹಿಡಿದುಕೊಂಡು ಮನೆಯೊಳಗೆ ಬಂದು, ಬಾಗಿಲ ಚಿಲಕ ಮುಟ್ಟಿ, ಸಕ್ಕರೆ ಡಬ್ಬಿಯ ಮುಚ್ಚಳ ಮುಟ್ಟಿ, ಅವಳು ಅಕ್ಕಿ ತೊಳೆಯುವ ಜಾಗದಲ್ಲಿ ಕೈ ತೊಳೆದಿದ್ದ. ಈಗ ಊಟಕ್ಕೆ ಕೂತು ಸಾರನ್ನ ಕಲಸುತ್ತಿದ್ದ. ಅವನ ಉಗುರಿನ ಸಂದಿಯ ಕಪ್ಪು ಅನ್ನದೊಳಗೆ ಹೋಗಿ ಬರುವುದನ್ನು ನೋಡಲಾರದೆ ವಿನೋದಾ ಮುಖ ತಿರುಗಿಸಿದಳು.

ರತ್ನಾಕರ ಅವಳ ಗಂಡ ಕೃಷ್ಣಾನಂದನ ಅಕ್ಕನ ಗಂಡ. ತಿರುವನಂತಪುರದ ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಉಡುಪಿಯ ಕಡೆಯ ಅವರ ಬಳಗದಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ಮದುವೆಮನೆಯಲ್ಲಿ ಅವನಿಗೆ ಬೇರೆಯೇ ಕುರ್ಚಿ ಹಾಕುತ್ತಿದ್ದರು. ಕೊಚ್ಚಿಯ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಕೃಷ್ಣಾನಂದನಂತೂ ಭಾವನ ಮಾತನ್ನು ಬಾಯಿ ಅರ್ಧ ತೆರೆದುಕೊಂಡು ಕೇಳುತ್ತಿದ್ದ.

"ಸಪಾಟು ರಸ್ತೆಯಲ್ಲಿ ಕಾರಿಗೆ ನಾಲ್ಕು ಸಿಲಿಂಡರು ಎಂತಕ್ಕೆ?" ಎಂದು ರತ್ನಾಕರ ಕೇಳಿದ. "ಎರಡು ಎಳೆದರೆ ಸಾಕು. ಉಳಿದೆರಡನ್ನು ಮಲಗಿಸುದು. ನಾನು ಹಾಕಿದ ಲಿವರ್ ಮುಂದೆ ತಳ್ಳಿದ್ರೆ ಆ ಎರಡರ ವಾಲ್ವ್ ಮುಚ್ಚಿಕೊಳ್ತದೆ, ಪೆಟ್ರೋಲು ಹೋಗುದಿಲ್ಲ. ಏರು ಬಂದಾಗ ಹಿಂದೆ ಎಳೆ, ಎದ್ದು ಕೂತ್ಕೊಳ್ತವೆ. ಅಷ್ಟೇ."

"ನಮ್ಮ ಬ್ಯಾಂಕಿನ ಹಾಗೆ," ಎಂದು ಕೃಷ್ಣಾನಂದ ನಕ್ಕ. "ಇಬ್ಬರು ಕೆಲಸ ಮಾಡುದು, ಇಬ್ಬರು ಮಲಗುದು."

ಎಪ್ಪತ್ತನಾಲ್ಕರ ಆರಂಭ ಅದು. ಅರಬ್ಬರು ಎಣ್ಣೆ ತಡೆದು ಪೆಟ್ರೋಲಿನ ಬೆಲೆ ಹಾರಿದ ಮೇಲೆ ಕಾರಿದ್ದವರ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಕೆಲವರು ಕಾರನ್ನು ಷೆಡ್ಡಿನಲ್ಲಿಟ್ಟು ಬಸ್ಸು ಹತ್ತಿದ್ದರು. ವಿನೋದಾಳ ಕಾರು ಹೊಚ್ಚ ಹೊಸದು. ಅವಳ ಅಪ್ಪ ಎಷ್ಟೋ ವರ್ಷದ ಹಿಂದೆ ಬುಕ್ ಮಾಡಿ ಕಾದಿದ್ದ ಕಾರು. ಅದು ಕೈಗೆ ಬರುವಷ್ಟರಲ್ಲಿ ಅವರ ಕಣ್ಣು ಮಂಜಾಗಿತ್ತು. "ನೀನೇ ಓಡಿಸು" ಎಂದು ಮಗಳಿಗೆ ಕೊಟ್ಟುಬಿಟ್ಟಿದ್ದರು. ಮದುವೆಗೆ ಮೊದಲೇ ಅವಳಿಗೆ ಜೀಪು ಓಡಿಸಲು ಕಲಿಸಿದ್ದೂ ಅವರೇ. ಕೃಷ್ಣಾನಂದನಿಗೆ ಸ್ಟಿಯರಿಂಗ್ ಹಿಡಿದರೆ ಅಂಗೈ ಬೆವರುತ್ತಿತ್ತು. ಕಳಮಶ್ಶೇರಿಯ ಬಾಡಿಗೆಮನೆಯಿಂದ ದಿನಾ ಬೆಳಿಗ್ಗೆ ಗಂಡನನ್ನು ಎರ್ನಾಕುಳಂನ ಬ್ಯಾಂಕಿಗೂ ಮಗಳು ವಸಂತಿಯನ್ನು ಶಾಲೆಗೂ ಬಿಟ್ಟು ಬರುವವಳು ವಿನೋದಾಳೇ.

ಆದರೂ ಲಿವರ್ ಹಾಕಬಹುದೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಮೀನಿನವಳ ಹತ್ತಿರ ಚೌಕಾಸಿ ಮುಗಿಸಿ ಅಂಗಳಕ್ಕೆ ಬಂದಾಗ ಬಾನೆಟ್ ತೆರೆದಿತ್ತು, ರತ್ನಾಕರನ ತಲೆ ಒಳಗಿತ್ತು. ಕೃಷ್ಣಾನಂದ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದುಕೊಂಡು ನಿಂತಿದ್ದ.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಪೆಟ್ರೋಲು ನಿಜವಾಗಿಯೂ ಕಡಿಮೆ ಸಾಕಾಗುತ್ತಿತ್ತು. ಎಂಜಿನ್ ಒಂದಿಷ್ಟು ನಡುಗುತ್ತಿತ್ತು, ಅಷ್ಟೆ. ಬ್ಯಾಂಕಿನಲ್ಲಿ ಕೃಷ್ಣಾನಂದ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ದಿನ ಇಡಪ್ಪಳ್ಳಿಯ ಏರಿನಲ್ಲಿ ವಿನೋದಾ ಲಿವರನ್ನು ಹಿಂದಕ್ಕೆಳೆದಾಗ ಕನ್ನಡಿಯಲ್ಲಿ ಹಿಂದಿನ ರಸ್ತೆ ಮಾಯವಾಯಿತು. ನೀಲಿ ಹೊಗೆ. ಹಿಂದೆ ಬರುತ್ತಿದ್ದ ಸೈಕಲಿನವನು ಇಳಿದು ನಿಂತು ಕೆಮ್ಮುತ್ತ ಮಲಯಾಳದಲ್ಲಿ ಏನೋ ಬೈದ. ಮನೆಗೆ ಬಂದು ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ತುದಿಯಲ್ಲಿ ಮಾತ್ರ ಕರಿ ಗೋಂದಿನಂಥದ್ದು ಅಂಟಿತ್ತು.

ಅಲ್ಲಿಂದ ಮುಂದೆ ಆ ಕಾರು ಪೆಟ್ರೋಲು ಉಳಿಸಿದ್ದಕ್ಕಿಂತ ಹೆಚ್ಚು ಎಣ್ಣೆ ಕುಡಿಯತೊಡಗಿತು. ಡಿಕ್ಕಿಯಲ್ಲಿ ಸದಾ ಒಂದು ಡಬ್ಬಿ ಎಣ್ಣೆ ಬೇಕು. ಡಬ್ಬಿ ಸೋರುತ್ತಿತ್ತು, ಅದರ ಕೆಳಗೆ ಹಾಸಿದ ಗೋಣಿ ನೆನೆದು ನಾರುತ್ತಿತ್ತು. ಪ್ಲಗ್ಗುಗಳಿಗೆ ಎಣ್ಣೆ ಕಟ್ಟಿ ಕಾರು ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ವಿನೋದಾ ಅವನ್ನು ಬಿಚ್ಚಿ ಒರೆಸಿ ಮತ್ತೆ ಹಾಕುವುದನ್ನು ಕಲಿತಳು. ಅವಳ ಸೀರೆಗೆ ಆ ವಾಸನೆ, ಕೂದಲಿಗೆ ಆ ವಾಸನೆ. ತಲೆಗೆ ಶಿಕಾಕಾಯಿ ಹಾಕಿ ಮಿಂದು ಬಂದರೂ ದಿಂಬಿಗೆ ತಲೆಯಿಟ್ಟಾಗ ಸುಟ್ಟ ಎಣ್ಣೆಯ ಕಮಟು ಮೂಗಿಗೆ ಬರುತ್ತಿತ್ತು. ಬಟ್ಟೆ ಒಣಹಾಕಿದ ಹಗ್ಗದ ಬಳಿ ಕಾರು ಶುರು ಮಾಡಿದರೆ ಬಿಳಿ ಪಂಚೆಗಳ ಮೇಲೆ ಸಾಸಿವೆಯಂಥ ಮಸಿ ಕೂರುತ್ತಿತ್ತು.

"ಅಮ್ಮೇ, ನಾರುನ್ನು," ಎಂದು ವಸಂತಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಮಲಯಾಳದಲ್ಲೇ. ಶಾಲೆಯಲ್ಲಿ ಅವಳಿಗೆ 'ಪುಗವಂಡಿ' ಎಂದು ಹೆಸರಿಟ್ಟಿದ್ದರಂತೆ, ಹೊಗೆಬಂಡಿ ಎಂದು. ಒಂದು ದಿನ ಗೇಟಿಗೆ ಬಹಳ ಮೊದಲೇ ಇಳಿಸು ಎಂದು ಹಟ ಹಿಡಿದಳು. ವಿನೋದಾ ಇಳಿಸಿದಳು.

ಪಕ್ಕದ ಮನೆಯ ಅನ್ನಮ್ಮ ಚೇಚಿಯ ಪ್ರಸಂಗ ಇದಕ್ಕಿಂತ ಕೆಟ್ಟದ್ದು. ಚೇಚಿ ಎಂದರೆ ಅಕ್ಕ; ಆದರೆ ಅವರು ವಯಸ್ಸಾದವರು. ವಲ್ಲಾರ್ಪಾಡಂನ ಇಗರ್ಜಿಗೆ ಹರಕೆ ಒಪ್ಪಿಸಲು ಹೊರಟಿದ್ದರು. ದೋಣಿಯ ಕಡವಿನವರೆಗೆ ಬಿಡುತ್ತೇನೆ ಎಂದು ವಿನೋದಾಳೇ ಕರೆದಳು. ಒಗೆದು ಮಡಿಕೆ ಮಾಡಿದ ಬಿಳಿ ರವಕೆ, ಪಂಚೆಯಂಥ ಬಿಳಿ ಮುಂಡು, ಹಿಂದೆ ಬೀಸಣಿಗೆಯಂತೆ ನೆರಿಗೆ. ಅರ್ಧ ದಾರಿಯಲ್ಲಿ ಕಾಲಡಿಯ ಸಂದಿಗಳಿಂದ ಹೊಗೆ ಒಳಗೆ ಬಂತು. ಗಾಜು ಇಳಿಸಿದರೆ ಹೊರಗಿನ ಹೊಗೆಯೂ ಸೇರಿಕೊಂಡಿತು. ಕಡವಿನಲ್ಲಿ ಇಳಿದಾಗ ಚೇಚಿಯ ಮುಂಡಿನ ಅಂಚಿಗೆ ಅಂಗೈಯಗಲ ಎಣ್ಣೆಯ ಕಲೆ. ಡಿಕ್ಕಿಯ ಡಬ್ಬಿ ಸೋರಿ ಹಿಂದಿನ ಸೀಟಿನ ಕೆಳಗೆ ಹರಿದಿತ್ತು. ಚೇಚಿ ಬಗ್ಗಿದರು. ಕರವಸ್ತ್ರದಿಂದ ಕಲೆಯನ್ನು ಒತ್ತಿ ನೋಡಿದರು, ಅದು ಇನ್ನೂ ಹರಡಿತು.

"ಸಾರಮಿಲ್ಲ ಮೋಳೆ," ಎಂದರು. ಪರವಾಗಿಲ್ಲ ಮಗಳೇ.

ಸಂಜೆ ಅವರು ಬಸ್ಸಿನಲ್ಲಿ ಬಂದರು. ಮುಂದೆ ಎಂದೂ ಕಾರು ಹತ್ತಲಿಲ್ಲ.

ಅಂದು ವಿನೋದಾ ಬ್ಯಾಂಕಿಗೇ ಹೋಗಿ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿಂದಲೇ ತಿರುವನಂತಪುರಕ್ಕೆ ಟ್ರಂಕ್ ಕಾಲ್ ಹಾಕಿಸಿದಳು. ಅತ್ತ ಕಡೆಯಿಂದ ರತ್ನಾಕರನ ದನಿ ತಣ್ಣಗೆ ಬಂತು.

"ನೀನು ಗೇರು ಹೆಚ್ಚು ಎಳೀತಿದ್ದಿ ವಿನೋದಾ. ಹೆಂಗಸರಿಗೆ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಳ್ಳುವ ಅಭ್ಯಾಸ."

"ಕ್ಲಚ್ಚಿಗೂ ಎಣ್ಣೆಗೂ ಎಂತ ಸಂಬಂಧ, ರತ್ನಾಕರಣ್ಣ?"

"ಅದು ಹೇಳಿದ್ರೆ ನಿಂಗೆ ಅರ್ಥ ಆಗುದಿಲ್ಲ. ಕೃಷ್ಣಾನಂದನಿಗೆ ಕೊಡು."

ಕೃಷ್ಣಾನಂದ ಫೋನು ಹಿಡಿದು ಹೂಂ, ಹೂಂ ಎಂದ. ಇಟ್ಟ ಮೇಲೆ, "ಭಾವ ವಿಜ್ಞಾನಿ. ಅವರಿಗೆ ಗೊತ್ತಿಲ್ಲವಾ? ಸ್ವಲ್ಪ ಸಮಯ ಕೊಡು. ಎಲ್ಲ ಹೊಂದಿಕೊಳ್ತದೆ," ಎಂದ. ಅವನು ಅವಳ ಕಣ್ಣು ತಪ್ಪಿಸಿ ಮಾತಾಡಿದ್ದನ್ನು ವಿನೋದಾ ಗಮನಿಸಿದಳು. ನಾಚಿಕೆಯಿರಬೇಕು ಎಂದುಕೊಂಡಳು.

ಓಣಂ ಮುಗಿದ ಮೇಲೆ ತಿರುವನಂತಪುರದಿಂದ ಕರೆ ಬಂತು. ಅಲ್ಲಿನ ಎಂಜಿನಿಯರುಗಳ ಕ್ಲಬ್ಬಿನ ಮೈದಾನದಲ್ಲಿ ರತ್ನಾಕರ ತನ್ನ ಲಿವರಿನ ಪ್ರದರ್ಶನ ಇಟ್ಟುಕೊಂಡಿದ್ದ. ಕ್ಲಬ್ಬಿನ ಅಧ್ಯಕ್ಷರು ನಿವೃತ್ತ ಮುಖ್ಯ ಎಂಜಿನಿಯರ್ ಗಣಪತಿ ರಾವ್, ಅವರೂ ನಮ್ಮ ಕಡೆಯವರೇ. ಅವರು ಮೆಚ್ಚಿದರೆ ದೊಡ್ಡ ದೊಡ್ಡ ಕಡೆ ಮಾತು ಹೋಗುತ್ತದೆ. ಕಾರು ತೆಗೆದುಕೊಂಡು ಬನ್ನಿ ಎಂದ.

"ಅವರ ಕಾರೇ ಉಂಟಲ್ಲ," ಎಂದಳು ವಿನೋದಾ.

"ಹೊರಗಿನವರ ಕಾರು ಆದ್ರೆ ಜನ ನಂಬ್ತಾರೆ," ಎಂದ ಕೃಷ್ಣಾನಂದ.

ವಸಂತಿಯನ್ನು ಅನ್ನಮ್ಮ ಚೇಚಿಯ ಮನೆಯಲ್ಲಿ ಬಿಟ್ಟು ಇಬ್ಬರೂ ಹೊರಟರು. ಆಲಪ್ಪುಳದ ಸಪಾಟು ರಸ್ತೆಯಲ್ಲಿ ಎರಡು ಸಿಲಿಂಡರು ಮಲಗಿದ್ದಾಗ ಕಾರು ಮುದುಕನಂತೆ ಕೆಮ್ಮುತ್ತ ಓಡಿತು. ಕೊಲ್ಲಂ ದಾಟಿದ ಮೇಲೆ ಏರುತಗ್ಗು ಶುರುವಾಗಿ ಲಿವರ್ ಹಿಂದಕ್ಕೆಳೆಯಬೇಕಾಯಿತು. ಕಾರು ಹೊಗೆ ಕಾರಿ ನಿಂತೇಹೋಯಿತು. ಚಹಾ ಅಂಗಡಿಯ ಎದುರು ವಿನೋದಾ ಸೆರಗು ಸಿಕ್ಕಿಸಿಕೊಂಡು ಪ್ಲಗ್ಗು ಬಿಚ್ಚಿದಳು. ಎರಡು ಒಣಗಿದ್ದವು. ಇನ್ನೆರಡರಿಂದ ಕರಿ ಲೋಳೆ ತೊಟ್ಟಿಕ್ಕಿತು, ಕೀವು ತುಂಬಿದ ಹುಣ್ಣು ಒಡೆದ ಹಾಗೆ. ಅಂಗಡಿಯ ಬೆಂಚಿನಲ್ಲಿದ್ದವರು ಚಹಾ ಲೋಟ ಹಿಡಿದು ದೂರ ಸರಿದರು. ಕೃಷ್ಣಾನಂದನೂ ಅವರ ಜೊತೆ ಸರಿದ; ಅವನು ಇಸ್ತ್ರಿ ಹಾಕಿದ ಶರಟು ತೊಟ್ಟಿದ್ದ.

ತಿರುವನಂತಪುರದ ಉಳ್ಳೂರಿನಲ್ಲಿದ್ದ ಭಾವನ ಮನೆ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ರತ್ನಾಕರ ಇನ್ನೂ ಸಂಸ್ಥೆಯಿಂದ ಬಂದಿರಲಿಲ್ಲ. ಅವನ ಹೆಂಡತಿ ದಾಕ್ಷಾಯಣಿ ಅಂಗಳಕ್ಕೆ ಇಳಿದು ಬಂದು, ಹೊಗೆ ಬಡಿದು ಮತ್ತೆ ಮೆಟ್ಟಿಲು ಹತ್ತಿದಳು. ಕಾರನ್ನು ನೆರಳಿಗೆ ನಿಲ್ಲಿಸಲು ವಿನೋದಾ ಷೆಡ್ಡಿನ ಬಳಿ ಹೋದಳು. ಅಲ್ಲಿ ರತ್ನಾಕರನ ಹಳೆ ಕಾರು ನಿಂತಿತ್ತು. ಅದರ ಸೈಲೆನ್ಸರಿನ ಬಾಯಿ ಒಣಗಿ ಶುಭ್ರವಾಗಿತ್ತು. ಕಿಟಕಿಯಿಂದ ಇಣುಕಿದಳು. ಸ್ಟಿಯರಿಂಗಿನ ಪಕ್ಕ, ತನ್ನ ಕಾರಿನಲ್ಲಿ ಲಿವರ್ ಇರುವ ಜಾಗದಲ್ಲಿ, ಒಂದು ತೂತು ಇತ್ತು. ತೂತಿಗೆ ರಬ್ಬರಿನ ಬಿರಡೆ ಹಾಕಿ ಮುಚ್ಚಿತ್ತು.

"ಅತ್ತಿಗೆ, ನಿಮ್ಮ ಕಾರಿನ ಲಿವರ್ ಎಲ್ಲಿ?"

ದಾಕ್ಷಾಯಣಿ ಮೆಟ್ಟಿಲಿಳಿದು ಹತ್ತಿರ ಬಂದಳು. ಆಮೇಲೆ ಹೇಳಿದಳು. "ನಿಂಗೆ ಗೊತ್ತಿಲ್ವಾ? ನಿಮ್ಮ ಕಾರಿಗೆ ಹಾಕಿದ್ದು ಅದನ್ನೇ. ನಮ್ಮದು ಹೊಗೆ ಕಾರಿ ಕಾರಿ ಸಾಕಾಗಿತ್ತು. ಎಂಜಿನ್ ಬಿಚ್ಚಿಸಿ ಹೊಸ ರಿಂಗ್ ಹಾಕಿಸಿದ್ರು. ಲಿವರನ್ನು ಚೀಲದಲ್ಲಿ ಹಾಕಿಕೊಂಡು ಕೊಚ್ಚಿಗೆ ಹೋದ್ರು."

"ನೀವು ನನಗೊಂದು ಮಾತು ಹೇಳ್ಲಿಲ್ಲ."

"ಹೇಳ್ಬೇಕು ಅಂತ ಇತ್ತು ವಿನೋದಾ." ದಾಕ್ಷಾಯಣಿ ಸೀರೆಯ ಅಂಚು ಬೆರಳಿಗೆ ಸುತ್ತಿದಳು. "ನೀನು ಬೇಡ ಅಂದ್ರೆ ಮತ್ತೆ ನಮ್ಮ ಕಾರಿಗೇ ಹಾಕ್ತಾರೆ ಅಂತ ಹೆದರಿಕೆ ಆಯ್ತು."

ವಿನೋದಾ ನಲ್ಲಿಯ ಬಳಿ ಹೋಗಿ ಬಹಳ ಹೊತ್ತು ಕೈ ತೊಳೆದಳು. ಊಟ ಬೇಡವೆಂದಳು.

ರತ್ನಾಕರ ಸಂಜೆ ಬಂದವನು ಅಕ್ಕಿಹಿಟ್ಟಿನ ಪುಟ್ಟು, ಕಡಲೆ ತಿನ್ನಲು ಕೂತ. ವಿನೋದಾ ಅವನ ಎದುರಿನ ಕುರ್ಚಿ ಎಳೆದು ಕೂತಳು. ಆ ಮನೆಯಲ್ಲಿ ಅವಳು ಹಾಗೆ ಕೂತದ್ದು ಅದೇ ಮೊದಲು.

"ಎಣ್ಣೆ ಕುಡೀತದೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

ಅವನು ಬಾಳೆಹಣ್ಣನ್ನು ಪುಟ್ಟಿಗೆ ಹಿಸುಕಿ ಕಲಸುತ್ತಲೇ ಇದ್ದ. ಬೆರಳ ಸಂದಿಯಿಂದ ಹಣ್ಣು ಹೊರಗೆ ಬಂತು. "ಗೊತ್ತಿತ್ತು," ಎಂದ. "ವಾಲ್ವ್ ಮುಚ್ಚಿದ ಸಿಲಿಂಡರಿನಲ್ಲಿ ಪಿಸ್ಟನ್ ಕೆಳಗೆ ಇಳಿಯುವಾಗ ಮೇಲೆ ಗಾಳಿ ಇರುದಿಲ್ಲ. ಬಾವಿಯ ಪಂಪು ನೀರು ಎಳೆದ ಹಾಗೆ ಅದು ಕೆಳಗಿನ ಎಣ್ಣೆಯನ್ನು ಪಿಸ್ಟನ್ ಸುತ್ತಿನ ರಿಂಗಿನ ಸಂದಿಯಿಂದ ಎಳ್ಕೊಳ್ತದೆ. ಎಬ್ಬಿಸಿದ ಕೂಡಲೇ ಆ ಎಣ್ಣೆ ಸುಡ್ತದೆ, ಹೊಗೆ ಬರ್ತದೆ. ಸುಟ್ಟದ್ದು ಕರಿಕಟ್ಟಿ ರಿಂಗು ಹಿಡ್ಕೊಳ್ತದೆ. ಸಣ್ಣ ವಿಷಯ."

"ಮತ್ತೆ ನನ್ನ ಕ್ಲಚ್ಚು?"

"ಅದು ಸುಮ್ಮನೆ ಹೇಳಿದ್ದು." ಅವನು ನಗಲೂ ಇಲ್ಲ, ನಾಚಲೂ ಇಲ್ಲ. "ನನ್ನದು ಹಳೆ ಎಂಜಿನ್. ಹಳೆಯದಾದ್ದರಿಂದ ಎಣ್ಣೆ ಹೋಯ್ತೋ, ಲಿವರಿನಿಂದ ಹೋಯ್ತೋ ಗೊತ್ತಾಗ್ಲಿಲ್ಲ. ಹೊಸ ಎಂಜಿನಲ್ಲಿ ನೋಡ್ಬೇಕಿತ್ತು. ನೋಡಿದೆ."

ವಿನೋದಾ ಗಂಡನ ಕಡೆ ತಿರುಗಿದಳು. ಕೃಷ್ಣಾನಂದ ತನ್ನ ತಟ್ಟೆಯನ್ನು ನೋಡುತ್ತಿದ್ದ. ಆ ಬಗ್ಗಿದ ತಲೆ ನೋಡಿದ ಕೂಡಲೇ ಅವಳಿಗೆ ತಿಳಿದುಹೋಯಿತು.

"ನಿಮಗೂ ಗೊತ್ತಿತ್ತಾ?"

"ಭಾವ ಹೇಳಿದ್ರು, ಒಂದಿಷ್ಟು ಎಣ್ಣೆ ಹೋಗಬಹುದು ಅಂತ," ಎಂದ ಅವನು ಸಣ್ಣ ದನಿಯಲ್ಲಿ. "ನಿಂಗೆ ಹೇಳ್ಬೇಡ ಅಂದ್ರು. ಹೇಳಿದ್ರೆ ನೀನು ಅದನ್ನೇ ನೋಡ್ತಾ ಕೂರ್ತಿ ಅಂತ. ಲಿವರಿನ ಬಗ್ಗೆ ಬರೆಯುವ ವರದಿಯಲ್ಲಿ ನನ್ನ ಹೆಸರೂ ಹಾಕ್ತೇನೆ ಅಂದಿದ್ರು."

ರತ್ನಾಕರ ಬೆರಳು ನೆಕ್ಕಿದ. "ನಾಳೆ ನೀನೇ ಓಡಿಸು ವಿನೋದಾ. ಹೆಂಗಸು ಓಡಿಸಿದ್ರೆ ಇನ್ನೂ ಒಳ್ಳೇದು, ಎಷ್ಟು ಸುಲಭ ಅಂತ ಜನಕ್ಕೆ ಕಾಣ್ತದೆ. ಲಿವರನ್ನು ಮಾತ್ರ ಹಿಂದೆ ಎಳೀಬೇಡ. ಮುಂದೆಯೇ ಇರ್ಲಿ. ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡು."

"ನಾನು ಓಡಿಸುದಿಲ್ಲ," ಎಂದು ವಿನೋದಾ ಎದ್ದು ಹೋದಳು. ತಡೆದಿದ್ದ ವಾಂತಿಯನ್ನು ಹಿತ್ತಲಲ್ಲಿ ಮಾಡಿದಳು.

ಮರುದಿನ ರತ್ನಾಕರನೇ ಓಡಿಸಿದ. ಬೆಳಿಗ್ಗೆಯೇ ಪ್ಲಗ್ಗು ಒರೆಸಿ, ದಪ್ಪ ಎಣ್ಣೆ ತುಂಬಿಸಿ, ಸೈಲೆನ್ಸರಿನ ಬಾಯಿಯನ್ನು ಚಿಂದಿಯಿಂದ ಉಜ್ಜಿ ಹೊಳೆಸಿದ್ದ. ಕ್ಲಬ್ಬಿನ ಮೆಟ್ಟಿಲ ಮೇಲೆ ಬಿಳಿ ಶರಟಿನ, ಬಿಳಿ ಮುಂಡಿನ ಗಂಡಸರು ಸಾಲಾಗಿ ನಿಂತಿದ್ದರು. ಕಿಟಕಿಗೆ ಕಟ್ಟಿದ ಗಾಜಿನ ಬಾಟಲಿಯಿಂದ ಕೊಳವೆಯಲ್ಲಿ ಪೆಟ್ರೋಲು ಹೋಗುತ್ತಿತ್ತು. ಕಾರು ಮೈದಾನವನ್ನು ಸುತ್ತುತ್ತಲೇ ಇತ್ತು, ಬಾಟಲಿ ಖಾಲಿಯಾಗುತ್ತಲೇ ಇರಲಿಲ್ಲ. ಲಿವರ್ ಒಮ್ಮೆಯೂ ಹಿಂದಕ್ಕೆ ಬರಲಿಲ್ಲ. ಕೊನೆಗೆ ಅವನು ಮೆಟ್ಟಿಲ ಎದುರೇ ತಂದು ನಿಲ್ಲಿಸಿ ಎಂಜಿನ್ ಆರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕೃಷ್ಣಾನಂದನೂ ತಟ್ಟಿದ. ಅವನ ಅಂಗೈಗಳ ಸದ್ದು ವಿನೋದಾಳಿಗೆ ಬೇರೆಯಾಗಿಯೇ ಕೇಳಿಸಿತು.

ಚಹಾದ ಹೊತ್ತಿಗೆ ಗಣಪತಿ ರಾಯರು ಅವಳ ಬಳಿ ಬಂದರು. ಕೈಯಲ್ಲಿ ಪಳಂಪೊರಿಯ, ಬಾಳೆಹಣ್ಣಿನ ಬಜ್ಜಿಯ, ತುಂಡು. "ಕಾರು ನಿಮ್ಮದಂತೆ, ಸಂತೋಷ. ಇಷ್ಟು ತಿಂಗಳು ಓಡಿಸಿದ್ದೀರಿ. ಹೇಗಿದೆಯಮ್ಮ?"

ಸುತ್ತಲಿನ ಮಾತು ತುಸು ತಗ್ಗಿತು. ರತ್ನಾಕರ ಕಪ್ಪನ್ನು ತಟ್ಟೆಯ ಮೇಲಿಟ್ಟ.

"ಎಣ್ಣೆ ಕುಡೀತದೆ," ಎಂದಳು ವಿನೋದಾ. "ಹೊಸ ಎಂಜಿನ್ನಿನ ರಿಂಗು ಹೋಗಿದೆ. ಇದೇ ಲಿವರ್ ಮೊದಲು ಅವರ ಕಾರಿನಲ್ಲಿತ್ತು, ಅಲ್ಲಿಯೂ ಹೀಗೆಯೇ ಆಗಿತ್ತು. ಅದಕ್ಕೇ ಅದನ್ನು ತೆಗೆದು ನನ್ನದಕ್ಕೆ ಹಾಕಿದ್ರು."

"ಎಲ್ಲ ಕಾರೂ ಒಂದಿಷ್ಟು ಎಣ್ಣೆ ಕುಡೀತದಮ್ಮ," ಎಂದರು ರಾಯರು.

"ಕಾರು ಅಲ್ಲೇ ಉಂಟು ರಾಯರೆ. ಶುರು ಮಾಡಿ ಲಿವರನ್ನು ಒಮ್ಮೆ ಹಿಂದಕ್ಕೆ ಎಳೆಸಿ. ನೀವೇ ನೋಡಿ."

ಗಣಪತಿ ರಾಯರು ಕಾರಿನ ಕಡೆ ನೋಡಿದರು. ಅದರ ಸೈಲೆನ್ಸರು ನೇರವಾಗಿ ಮೆಟ್ಟಿಲ ಕಡೆಗೇ ಮುಖ ಮಾಡಿತ್ತು. ಅವರು ತಮ್ಮ ಬಿಳಿ ಶರಟನ್ನು ನೋಡಿಕೊಂಡರು. ನಲವತ್ತು ವರ್ಷ ಯಂತ್ರಗಳ ನಡುವೆ ಬದುಕಿದ ಮನುಷ್ಯ. ಅವರಿಗೆ ಅರ್ಥವಾಗಿದೆ ಎಂಬುದು ಅವರ ಕಣ್ಣಿನಲ್ಲಿ ಕಂಡಿತು.

"ಇನ್ನೊಮ್ಮೆ ನೋಡುವ," ಎಂದರು. "ಹೊಸದು ಮಾಡುವವರಿಗೆ ಉತ್ತೇಜನ ಕೊಡ್ಬೇಕು ಅಲ್ಲವಾ." ಪಳಂಪೊರಿಯ ಉಳಿದ ತುಂಡನ್ನು ಬಾಯಿಗೆ ಹಾಕಿಕೊಂಡು, ಎಣ್ಣೆಯ ಬೆರಳುಗಳನ್ನು ಕಾಗದಕ್ಕೆ ಒರೆಸಿ, ರತ್ನಾಕರನ ಬೆನ್ನು ತಟ್ಟಲು ಹೋದರು. ಮಾತು ಮತ್ತೆ ಮೊದಲಿನಂತೆ ಏರಿತು. ಯಾರೋ ಅವಳಿಗೆ ಚಹಾ ತಂದುಕೊಟ್ಟರು. ಅವಳನ್ನು ಯಾರೂ ಸುಳ್ಳಿ ಎನ್ನಲಿಲ್ಲ, ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಚಹಾವನ್ನು ಮುಟ್ಟದೆ ಗೋಡೆಯ ಮೇಲಿಟ್ಟಳು.

ಉಳ್ಳೂರಿಗೆ ಮರಳಿದವಳು ಸೀದಾ ಷೆಡ್ಡಿಗೆ ಹೋಗಿ ಸ್ಪ್ಯಾನರ್ ತಂದಳು. ರತ್ನಾಕರ ಹಾಕುವಾಗ ನೋಡಿದ್ದಳು; ಬಿಚ್ಚುವುದು ಕಷ್ಟವಾಗಲಿಲ್ಲ. ತಂತಿ ಎಳೆದು, ಕ್ಲಿಪ್ಪು ಕಿತ್ತು, ಸಡಿಲಿಸಿದ್ದ ನಟ್ಟುಗಳನ್ನು ಬಿಗಿ ಮಾಡಿದಳು. ಲಿವರ್ ಕೈಗೆ ಬಂತು, ಜಿಡ್ಡುಜಿಡ್ಡಾಗಿ, ಸತ್ತ ಹಲ್ಲಿಯನ್ನು ಹಿಡಿದಂತೆ. ರತ್ನಾಕರ ಮೆಟ್ಟಿಲ ಮೇಲೆ ನಿಂತು, "ಅದು ಹಾಳಾಗ್ತದೆ, ಸರಿಯಾಗಿ ಹಿಡಿ," ಎಂದ. ಅವಳು ಬಾನೆಟ್ ಮುಚ್ಚಿದಳು.

ದಾಕ್ಷಾಯಣಿ ಇಳಿದು ಬಂದು ಕೈ ಚಾಚಿದಳು. "ನಂಗೆ ಕೊಡು." ತೆಗೆದುಕೊಂಡವಳು ಗಂಡನ ಮುಖವನ್ನೂ ನೋಡದೆ ಹಿತ್ತಲಿಗೆ ನಡೆದು, ಬೇಲಿಯಾಚೆಯ ಕೆಂಪುಕಲ್ಲಿನ ಹಳ್ಳಕ್ಕೆ ಎಸೆದಳು. ಮಳೆನೀರು ತುಂಬಿದ್ದ ಹಳ್ಳ. ಸದ್ದು ಅಂಗಳದವರೆಗೂ ಕೇಳಿಸಿತು. ವಿನೋದಾಳಿಗೆ ಅವಳ ಮೇಲಿನ ಅಸಹ್ಯ ಅಷ್ಟಕ್ಕೆ ಹೋಗಲಿಲ್ಲ. ಆದರೂ ಹೊರಡುವಾಗ, "ಬರ್ತೇನೆ ಅತ್ತಿಗೆ," ಎಂದು ಅವಳೊಬ್ಬಳಿಗೇ ಹೇಳಿದಳು.

ಹಿಂದಿರುಗುವ ದಾರಿಯಲ್ಲಿ ಕಾಯಂಕುಳಂ ಹತ್ತಿರ ವಿನೋದಾ ಕಾರು ನಿಲ್ಲಿಸಿ ಬಾನೆಟ್ ಎತ್ತಿ, ಎಣ್ಣೆಯ ಡಬ್ಬಿಯನ್ನು ಕೃಷ್ಣಾನಂದನ ಕೈಗೆ ಕೊಟ್ಟಳು. ಅವನು ಎಲ್ಲಿ ಹೊಯ್ಯುವುದೆಂದು ತಿಳಿಯದೆ ನಿಂತ. ಅವಳು ಬೆರಳು ತೋರಿಸಿದಳು. ಹೊಯ್ಯುವಾಗ ಡಬ್ಬಿ ಓರೆಯಾಗಿ ಅರ್ಧ ಎಣ್ಣೆ ಬಿಸಿ ಎಂಜಿನ್ನಿನ ಮೇಲೆ ಚೆಲ್ಲಿತು, ಹೊಗೆ ಅವನ ಮುಖಕ್ಕೆ ಹೊಡೆಯಿತು. ಇಸ್ತ್ರಿಯ ಶರಟು, ಕನ್ನಡಕ ಎಲ್ಲ ಮಸಿ.

"ಬೇಸರ ಮಾಡ್ಕೊಳ್ಬೇಡ," ಎಂದ ಅವನು ಕೆಮ್ಮುತ್ತ. "ಇಷ್ಟಾಗ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ."

"ಬೇಸರ ಅಲ್ಲ," ಎಂದಳು ವಿನೋದಾ. "ನಿಮ್ಮ ಹತ್ತಿರ ಕೂತ್ಕೊಳ್ಲಿಕ್ಕೆ ಹೇಸಿಗೆ ಆಗ್ತದೆ."

ಅವನು ಹಿಂದಿನ ಸೀಟಿಗೆ ಹೋಗಿ ಕೂತ.

ಕಳಮಶ್ಶೇರಿಯ ವರ್ಕ್‌ಶಾಪಿನಲ್ಲಿ ಎಂಜಿನ್ ಬಿಚ್ಚಿದ ದಿನ ಅವನನ್ನೂ ಕರೆದುಕೊಂಡು ಹೋದಳು. ಎರಡು ಪಿಸ್ಟನ್ನುಗಳ ನೆತ್ತಿಯಲ್ಲಿ ಕರಿ ಹೆಪ್ಪುಗಟ್ಟಿ, ಹಸಿಯಾಗಿ, ಕೊಳೆತ ಹುಣ್ಣಿನಂತೆ ಹೊಳೆಯುತ್ತಿತ್ತು. ಕೃಷ್ಣಾನಂದ ಕರವಸ್ತ್ರ ಮೂಗಿಗೆ ಒತ್ತಿಕೊಂಡ. ಹೋಗೋಣವೇ ಎಂದು ಕೇಳಿದ. ಅವಳು ಬೇಡವೆಂದಳು. ಕೆರೆದು ಮುಗಿಯುವವರೆಗೂ ಅವನು ನಿಂತು ನೋಡಿದ.

ಹೊಸ ರಿಂಗು ಬಿದ್ದ ಮೇಲೆ ಕಾರು ಸರಿಹೋಯಿತು. ಮನೆಯಲ್ಲಿ ಮಾತು ಮರಳಿ ಬರಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಬಂದದ್ದೂ ಪೂರ್ತಿ ಅಲ್ಲ. ಕ್ಲಬ್ಬಿನ ಮೆಚ್ಚುಗೆಯ ಪತ್ರಕ್ಕೆ ರತ್ನಾಕರ ಚೌಕಟ್ಟು ಹಾಕಿಸಿದನೆಂದು ಊರಿನಿಂದ ಬಂದವರು ಹೇಳಿದರು.

ಮುಂದಿನ ವಿಷು ಕಳೆದ ಮೇಲೆ ಅವನು ಯಾವುದೋ ಕೆಲಸಕ್ಕೆ ಕೊಚ್ಚಿಗೆ ಬಂದವನು ಇವರ ಮನೆಗೂ ಬಂದ. ವಿನೋದಾ ಊಟ ಬಡಿಸಿದಳು. ಅವನು ಕೈ ತೊಳೆದು, ಚೀಲ ತೆಗೆದುಕೊಂಡು, ಅಂಗಳದಲ್ಲಿ ನಿಂತಿದ್ದ ಕಾರನ್ನು ನೋಡಿ ಹೇಳಿದ: "ರೈಲಿಗೆ ಹೊತ್ತಾಯ್ತು. ಸ್ಟೇಷನ್ನಿಗೆ ಬಿಡ್ತಿಯಾ ವಿನೋದಾ?"

ವಿನೋದಾ ಪಾತ್ರೆ ಎತ್ತುತ್ತಿದ್ದವಳು ಬಾಯಿ ತೆರೆಯುವ ಮೊದಲೇ ಕೃಷ್ಣಾನಂದ ಚಪ್ಪಲಿ ಮೆಟ್ಟಿದ್ದ.

"ಅವಳು ಬರುದಿಲ್ಲ ಭಾವ," ಎಂದ. "ಜಂಕ್ಷನ್ನಿನಲ್ಲಿ ಟ್ಯಾಕ್ಸಿ ಸಿಗ್ತದೆ. ನಾನು ಹಿಡ್ಕೊಂಡು ಬರ್ತೇನೆ."

ಬಿಸಿಲಿನಲ್ಲಿ ಅವನು ಬೇಗಬೇಗ ನಡೆದು ಹೋದ.